ಬೆನ್ನಿನ ಜಿಪ್ ಕಂಡರೂ ಭಯವೇಕೆ?

(ಚಿಕ್ಕಮಗಳೂರಿನಲ್ಲಿ ಒಂದು ಕಾಲಕ್ಕೆ ವಿಡಿಯೊ ಕ್ಯಾಸೆಟ್ ಅಂಗಡಿ ಇಟ್ಟಿದ್ದವರು ಸಿನಿಮಾ ಕುರಿತ ಪ್ರಶ್ನೆಗಳಿಗೆ ಉತ್ತರಿಸುತ್ತಾರೆ.)

ಪ್ರಶ್ನೆ: ಸರ್, ಭಾನುವಾರ ರಾತ್ರಿ ಬಂತೆಂದರೆ ನಮ್ಮ ಮನೆಯವರು ಯಾವುದಾದರೂ ಹಳೆಯ ಇಂಗ್ಲಿಷ್ ಸಿನಿಮಾ ಹಾಕಿಕೊಂಡು ಕೂರುತ್ತಾರೆ. ರಬ್ಬರಿನ ರಾಕ್ಷಸ, ಬೆನ್ನಿನಲ್ಲಿ ಜಿಪ್ ಎದ್ದು ಕಾಣುತ್ತದೆ. ಇದರಲ್ಲೇನಿದೆ ಎಂದು ಕೇಳಿದರೆ ‘ನಿನಗೆ ಗೊತ್ತಾಗುವುದಿಲ್ಲ’ ಎನ್ನುತ್ತಾರೆ. ನಿಮಗಾದರೂ ಗೊತ್ತೇ?
– ಓದುಗಿ, ಅರಸೀಕೆರೆ

ಉತ್ತರ: ಗೊತ್ತು ತಾಯಿ. ಅದನ್ನು ನನಗೆ ಕಲಿಸಿದ್ದು ಕೊಪ್ಪದ ಹತ್ತಿರ ನಮ್ಮೂರಿನ ಯಕ್ಷಗಾನ. ಮೇಳದವರಿಗೆ ನಮ್ಮ ಮನೆಯಲ್ಲೇ ಬಿಡಾರ. ರಕ್ಕಸರ ಪಾತ್ರ ಮಾಡುವ ಬಣ್ಣದ ವೇಷದವರು ಮಧ್ಯಾಹ್ನ ನಮ್ಮ ಜಗಲಿಯಲ್ಲಿ ಬಾಯಿ ತೆರೆದು ಗೊರಕೆ ಹೊಡೆಯುತ್ತಿದ್ದರು. ಸಂಜೆ ವೇಷ ಕಟ್ಟುವ ಚೌಕಿಯಲ್ಲಿ ಅಕ್ಕಿಹಿಟ್ಟು, ಸುಣ್ಣ ಕಲಸಿ ಅವರು ಮುಖಕ್ಕೆ ಒಂದೊಂದೇ ಚುಟ್ಟಿ, ಅಂದರೆ ಉಬ್ಬಿದ ಬಿಳಿ ಚುಕ್ಕೆ, ಇಡುವಾಗ ಕನ್ನಡಿ ಹಿಡಿದವನು ನಾನೇ. ಆದರೂ ನಡುರಾತ್ರಿ ಕಳೆದ ಮೇಲೆ ಆ ರಕ್ಕಸ ಪ್ರೇಕ್ಷಕರ ಹಿಂದಿನಿಂದ, ದೊಂದಿಗೆ ರಾಳದ ಪುಡಿ ಎರಚಿ ಬೆಂಕಿ ಎಬ್ಬಿಸುತ್ತ ಆರ್ಭಟಿಸಿ ಬಂದಾಗ ಅಜ್ಜಿಯ ಸೆರಗಿನೊಳಗೆ ನುಗ್ಗುತ್ತಿದ್ದೆ. ಗೊರಕೆಯೂ ನೆನಪಿರುತ್ತಿತ್ತು, ಭಯವೂ ಆಗುತ್ತಿತ್ತು. ನಿಮ್ಮ ಯಜಮಾನರಿಗೆ ಬೇಕಾಗಿರುವುದು ಇವೆರಡೂ ಒಟ್ಟಿಗೆ.

ದುಡ್ಡಿಲ್ಲದ ನಿರ್ಮಾಪಕರ ಉಪಾಯಗಳನ್ನು ನೋಡುವುದೇ ಒಂದು ಸುಖ. 1953ರ ‘ರೋಬಾಟ್ ಮಾನ್‌ಸ್ಟರ್’ನಲ್ಲಿ ಸ್ವಂತ ಗೊರಿಲ್ಲಾ ವೇಷವಿದ್ದ ನಟನನ್ನು ಕರೆತಂದು, ತಲೆಗೊಂದು ಶಿರಸ್ತ್ರಾಣ ತೊಡಿಸಿ, ಇವನೇ ಅನ್ಯಗ್ರಹದ ಯಂತ್ರಜೀವಿ ಎಂದುಬಿಟ್ಟರು. 1959ರ ‘ದಿ ಕಿಲ್ಲರ್ ಶ್ರೂಸ್’ನ ದೈತ್ಯ ಸೊಂಡಿಲಿಗಳು ವೇಷ ಹಾಕಿಸಿಕೊಂಡ ನಾಯಿಗಳು. ಮೊಬೈಲಿನಲ್ಲಿ ನಾನು ಅದನ್ನು ನೋಡುತ್ತಿದ್ದಾಗ ನಮ್ಮ ಮನೆಯ ನಾಯಿ ಕಿವಿ ನಿಮಿರಿಸಿಕೊಂಡು ಎದ್ದಿತು, ಅದೊಂದಕ್ಕೆ ಮೋಸವಾಗಲಿಲ್ಲ.

ಅದೇ ಬಡತನ ಕೆಲವೊಮ್ಮೆ ನಗು ಬರಿಸದೆ ನಡುಕ ಹುಟ್ಟಿಸುತ್ತದೆ. 1942ರ ‘ಕ್ಯಾಟ್ ಪೀಪಲ್’ ಸಿಕ್ಕರೆ ನೀವೂ ಜೊತೆಗೆ ಕುಳಿತು ನೋಡಿ. ನಿರ್ಮಾಪಕ ವಾಲ್ ಲ್ಯೂಟನ್ ಅವರ ಕೈಯಲ್ಲಿದ್ದ ಹಣ ಅಷ್ಟಕ್ಕಷ್ಟೇ. ಕತ್ತಲ ಈಜುಕೊಳದಲ್ಲಿ ಒಬ್ಬಳೇ ಹೆಣ್ಣು, ಗೋಡೆಯ ಮೇಲೆ ನೀರಿನ ಬೆಳಕು, ಒಂದು ನೆರಳು, ಒಂದು ಗುರುಗುಟ್ಟುವ ಸದ್ದು. ಇನ್ನೊಂದು ಕಡೆ ಅದೇ ಹೆಣ್ಣು ರಾತ್ರಿ ರಸ್ತೆಯಲ್ಲಿ ನಡೆಯುತ್ತಿರುತ್ತಾಳೆ. ಹಿಂದಿನಿಂದ ಬರುತ್ತಿದ್ದ ಹೆಜ್ಜೆಯ ಸದ್ದು ನಿಂತುಹೋಗುತ್ತದೆ. ನಾವು ಉಸಿರು ಬಿಗಿಹಿಡಿದಿರುವಾಗ ಬುಸ್ಸೆಂದು ಬಂದು ನಿಲ್ಲುವುದು ಬಸ್ಸು! ಮೂಡಿಗೆರೆ, ಸಕಲೇಶಪುರದ ತೋಟದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಆನೆ ಕಣ್ಣಿಗೆ ಬೀಳುವ ಮೊದಲು ಬೈನೆ ಮರ ಮುರಿದ ಸದ್ದು ಕೇಳುತ್ತದೆ. ಎದೆ ಹೊಡೆದುಕೊಳ್ಳುವುದು ಆಗ.

ನನ್ನ ಅಂಗಡಿಯಿಂದ ಟಿ.ವಿ., ವಿ.ಸಿ.ಆರ್. ಕೂಡ ಬಾಡಿಗೆಗೆ ಹೋಗುತ್ತಿದ್ದವು. ಒಂದು ಆಷಾಢದ ರಾತ್ರಿ ಆಲ್ದೂರು ಕಡೆಯ ತೋಟವೊಂದರಲ್ಲಿ ಇಂಥದ್ದೇ ಚಿತ್ರ ಹಾಕಿದ್ದರು. ಜೀವಿ ಬಾಗಿಲು ದೂಡುವ ಹೊತ್ತಿಗೆ ಸರಿಯಾಗಿ ಕರೆಂಟು ಹೋಯಿತು, ಬೆಳಗಿನವರೆಗೆ ಬರಲಿಲ್ಲ. ಮರುದಿನ ಕ್ಯಾಸೆಟ್ ಹಿಂದಿರುಗಿಸಲು ಬಂದ ತೋಟದ ರೈಟರು ‘ಅಷ್ಟು ಹೆದರಿಸಿದ ಸಿನಿಮಾ ಇನ್ನೊಂದಿಲ್ಲ’ ಎಂದರು. ಕಡೆಯ ಅರ್ಧ ಗಂಟೆ ಉಳಿದಿದೆ, ಬಾಡಿಗೆ ಬೇಡ, ಮತ್ತೆ ಒಯ್ಯಿರಿ ಎಂದೆ. ಒಯ್ಯಲಿಲ್ಲ.

ಈಗ ಬೇಕೆಂದೇ ಕೆಟ್ಟದಾಗಿ ತೆಗೆದ ಶಾರ್ಕ್ ಚಿತ್ರಗಳು ಬರುತ್ತಿವೆ. ನಾವು ನಗುವ ಮೊದಲು ತಾವೇ ನಕ್ಕುಬಿಡುತ್ತವೆ. ನನಗೆ ಅವು ಸೇರುವುದಿಲ್ಲ.

ಪ್ರಶ್ನೆ: ನಾವು ಐದು ಜನ ಸ್ನೇಹಿತರು ಮೊಬೈಲಿನಲ್ಲೇ ಕಿರುಚಿತ್ರ ಮಾಡುತ್ತಿದ್ದೇವೆ. ತೋಟದ ಕೆರೆಯಿಂದ ಒಂದು ಜೀವಿ ಎದ್ದು ಬರಬೇಕು. ಕೈಯಲ್ಲಿರುವುದು 6,000 ರೂಪಾಯಿ. ಸಾಕಾಗುತ್ತದೆಯೇ?
– ಕಾಲೇಜು ವಿದ್ಯಾರ್ಥಿ, ಸಕಲೇಶಪುರ

ಉತ್ತರ: ಮೊದಲು ಬಸ್ಸು ಹತ್ತಿ ಹಳೇಬೀಡಿಗೆ ಹೋಗಿ. ಹೊಯ್ಸಳೇಶ್ವರ ದೇವಾಲಯದ ಭಿತ್ತಿಯ ಕೆಳಗೆ, ಆನೆ ಕುದುರೆಗಳ ಪಟ್ಟಿಕೆಗಳ ಜೊತೆಗೆ ಮಕರದ್ದೂ ಒಂದು ಸಾಲಿದೆ. ಮೊಸಳೆಯ ಬಾಯಿ, ಆನೆಯ ಸೊಂಡಿಲು, ನವಿಲಿನ ಬಾಲ. ಬಿಡಿಬಿಡಿಯಾಗಿ ಎಲ್ಲವೂ ನಾವು ಕಂಡ ಪ್ರಾಣಿಗಳೇ. ಕೂಡಿಸಿದ್ದನ್ನು ಮಾತ್ರ ಯಾರೂ ಕಂಡಿಲ್ಲ. ನಿಮ್ಮ ಜೀವಿಯನ್ನೂ ಹಾಗೆಯೇ ಕಟ್ಟಿ. ಗೋಣಿತಾಟು, ಹಳೆಯ ಸೈಕಲ್ ಟ್ಯೂಬು, ತೆಂಗಿನ ನಾರು ಸಾಕು. ಮೇಲೆ ನೀರು ಸುರಿದು ಒದ್ದೆ ಮಾಡಿದರೆ ಗೋಣಿಯೂ ಚರ್ಮದಂತೆ ಹೊಳೆಯುತ್ತದೆ. ಬೆಳಕು ಹಿಂದಿನಿಂದ ಬೀಳಲಿ. ಮಂಜಿಗೆ ನೀವು ದುಡ್ಡು ಕೊಡಬೇಕಿಲ್ಲ, ಸಕಲೇಶಪುರದಲ್ಲಿದ್ದೀರಿ. ಉಳಿದ ಹಣದಲ್ಲಿ ಒಂದು ಒಳ್ಳೆಯ ಮೈಕ್ ಬಾಡಿಗೆಗೆ ತನ್ನಿ.

ವೇಷದೊಳಗೆ ಹೋಗುವ ಹುಡುಗನ ಬಗ್ಗೆಯೂ ಯೋಚಿಸಿ. 1954ರ ‘ಗಾಡ್ಜಿಲ್ಲಾ’ದಲ್ಲಿ ಹರುವೊ ನಕಾಜಿಮಾ ತೊಟ್ಟ ವೇಷ ಎಷ್ಟು ಭಾರವಿತ್ತೆಂದರೆ ಅದರೊಳಗೆ ನಡೆಯುವುದೇ ಸಾಹಸವಾಗಿತ್ತು. ಒದ್ದೆ ಗೋಣಿಯೂ ಕಡಿಮೆ ತೂಗುವುದಿಲ್ಲ. ಕೆರೆಯ ಅಂಚಿನಲ್ಲಿ ಮೊಣಕಾಲುದ್ದ ನೀರಿಗಿಂತ ಆಚೆ ಇಳಿಸಬೇಡಿ. ಜಿಪ್ ಬೆನ್ನಿಗೇ ಇರಲಿ, ಕಾಣಿಸಿದರೂ ಪರವಾಗಿಲ್ಲ. ಅದನ್ನು ಥಟ್ಟನೆ ಎಳೆದು ತೆಗೆಯಲು ಒಬ್ಬ ಯಾವಾಗಲೂ ಪಕ್ಕದಲ್ಲಿ ನಿಂತಿರಬೇಕು.