ಎಥಿಕ್ಸ್ ಅಪ್ರೂವಲ್ ಡೇಟ್ ಮುಗಿದ್ಮೇಲೆ ತಗೊಂಡ ರೀಡಿಂಗ್ ಏನ್ಮಾಡ್ಲಿ?

ಪ್ರಶ್ನೆ: ಮೇಡಂ, ಸಿದ್ದಾಪುರ ಕಡೆ ತೋಟದ ಲೈನ್ ಮನೆಗಳಲ್ಲಿ ಕೆಲಸದವರ ಬಿಪಿ ಬಗ್ಗೆ ನನ್ನ ಪಿಎಚ್‌ಡಿ. ಎಥಿಕ್ಸ್ ಕಮಿಟಿ (ಜನರ ಮೇಲೆ ನಡೆಸೋ ಸಂಶೋಧನೆಗೆ ಒಪ್ಪಿಗೆ ಕೊಡೋ ಸಮಿತಿ) ಒಂದು ವರ್ಷಕ್ಕೆ ಅಪ್ರೂವಲ್ ಕೊಟ್ಟಿತ್ತು, ಕಾಫಿ ಕುಯ್ಲಿಗೆ ಎಲ್ರೂ ಒಂದೇ ಕಡೆ ಸಿಗ್ತಾರೆ ಅಂತ ಓಡಾಡೋ ಗಡಿಬಿಡೀಲಿ ಡೇಟ್ ಮುಗಿದಿದ್ದು ನೋಡ್ಲೇ ಇಲ್ಲ, ಆಮೇಲೂ ಕೆಲವರ ರೀಡಿಂಗ್ ತಗೊಂಡಿದೀನಿ. ಗೈಡು ಹಳೇ ಡೇಟ್ ಹಾಕಿ ರಿನ್ಯೂವಲ್ ಕೇಳು ಅಂತಾರೆ. ಕೇಳ್ಬೋದಾ?
— ಓದುಗಿ, ಗೋಣಿಕೊಪ್ಪ

ಉತ್ತರ: ಬೇಡಮ್ಮಾ, ಆ ಕೆಲಸ ಮಾತ್ರ ಬೇಡ. ಕೆಲಸದವರು ಒಪ್ಪಿಗೆ ಕೊಟ್ಟ ಕನ್ಸೆಂಟ್ ಫಾರಂ ತೆಗೆದು ನೋಡಿ, ಹೆಬ್ಬೆಟ್ಟು, ಪಕ್ಕದಲ್ಲಿ ಸಾಕ್ಷಿ ಸಹಿ, ಅದರ ಕೆಳಗೆ ತಾರೀಖು. ಅರ್ಜಿಗೆ ಹಳೇ ಡೇಟ್ ಹಾಕಿದ್ರೂ ಆ ತಾರೀಖು ಎಲ್ಲಿಗೆ ಹೋಗುತ್ತೆ? ಅದನ್ನೂ ತಿದ್ದಿದ್ರಂತೂ ಶುದ್ಧ ಫೋರ್ಜರಿ.

ಐಸಿಎಂಆರ್‌ನ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) 2017ರ ಗೈಡ್‌ಲೈನ್ಸ್ ಪ್ರಕಾರ ನಡೀತಿರೋ ಸ್ಟಡೀನ ಕಮಿಟಿ ವರ್ಷಕ್ಕೊಮ್ಮೆಯಾದ್ರೂ ಮತ್ತೆ ನೋಡ್ಬೇಕು. ಅವಧಿ ಮುಗೀತು ಅಂದ್ರೆ ಹೊಸಬರನ್ನ ಸೇರಿಸೋ ಹಾಗಿಲ್ಲ, ಹಳಬರ ತೋಳಿಗೆ ಪಟ್ಟಿ ಕಟ್ಟೋ ಹಾಗೂ ಇಲ್ಲ, ಫೋನಲ್ಲಿ ಫಾಲೋಅಪ್ಪೂ ನಿಲ್ಲಿಸ್ಬೇಕು. ರಿನ್ಯೂವಲ್ ಸಿಕ್ಕಿದ್ರೂ ಅದು ಸಿಕ್ಕ ದಿನದಿಂದ ಮುಂದಕ್ಕೆ, ನಡುವಿನ ದಿನಗಳನ್ನ ಅದು ಮುಚ್ಚಲ್ಲ. ಔಷಧಿ ಟ್ರಯಲಲ್ಲಿ ಇರೋರಿಗೆ ಮಾತ್ರೆ ತಟ್ಟನೆ ನಿಲ್ಲಿಸಿದ್ರೆ ತೊಂದ್ರೆ ಆಗುತ್ತೆ ಅಂತಿದ್ರೆ ಕಮಿಟಿಗೆ ಕೂಡ್ಲೇ ತಿಳಿಸಿ ಅವರಿಗಷ್ಟೇ ಮುಂದುವರಿಸೋದುಂಟು, ನಿಮ್ದು ಬರೀ ಅಳತೆ, ಆ ದಾರಿ ಇಲ್ಲ.

ಇವತ್ತೇ ಕೆಲಸ ನಿಲ್ಲಿಸಿ ಕಮಿಟಿಯ ಮೆಂಬರ್ ಸೆಕ್ರೆಟರಿಗೆ ಪತ್ರ ಬರೀರಿ, ಯಾವತ್ತು ಮುಗೀತು, ಆಮೇಲೆ ಎಷ್ಟು ಜನರದ್ದು ತಗೊಂಡ್ರಿ, ಯಾಕಾಯ್ತು, ಇದ್ದದ್ದು ಇದ್ದ ಹಾಗೆ. ಪ್ರೋಟೋಕಾಲ್ ಡೀವಿಯೇಷನ್, ಅಂದ್ರೆ ಒಪ್ಪಿಗೆ ಸಿಕ್ಕ ಯೋಜನೆ ಬಿಟ್ಟು ನಡೆದದ್ದು ಅಂತ ದಾಖಲಾಗುತ್ತೆ, ಆಗ್ಲಿ ಬಿಡಿ. ಆ ಫಾರಂಗಳನ್ನ ಬೇರೆ ಕವರಲ್ಲಿಡಿ, ಹರಿದು ಹಾಕ್ಬೇಡಿ, ಅನಾಲಿಸಿಸ್‌ಗೂ ಸೇರಿಸ್ಬೇಡಿ, ಬಳಸ್ಬೋದೋ ಬೇಡ್ವೋ ಅಂತ ಕಮಿಟಿ ಹೇಳುತ್ತೆ. ಬೇಡ ಅಂದ್ರೆ ಅಷ್ಟು ಓಡಾಟ ನೀರಿಗೆ ಹೋಯ್ತು ಅಂತ್ಲೇ, ಬೇಜಾರಾಗುತ್ತೆ ನಿಜ. ಆದ್ರೆ ಅದರಲ್ಲಿ ಯಾರಿಗಾದ್ರೂ ಬಿಪಿ ಜಾಸ್ತಿ ಬಂದಿದ್ರೆ ಕಮಿಟಿ ಉತ್ತರಕ್ಕೆ ಕಾಯ್ಬೇಡಿ, ಅವರಿಗೆ ಹೇಳಿ ಪಿಎಚ್‌ಸಿಗೆ ಕಳ್ಸಿ.

ಜೊತೆಗೇ ಪ್ರೋಗ್ರೆಸ್ ರಿಪೋರ್ಟ್ ಇಟ್ಟು ರಿನ್ಯೂವಲ್‌ಗೂ ಅರ್ಜಿ ಹಾಕಿ. ಕಮಿಟಿ ಕೇಳಿದಾಗೆಲ್ಲ ಕೂರಲ್ಲ, ಕೋರಂಗೆ, ಅಂದ್ರೆ ಸಭೆ ನಡೆಯೋಕೆ, ಕಮ್ಮಿ ಅಂದ್ರೂ ಐದು ಜನ ಬೇಕು, ಅದರಲ್ಲಿ ಡಾಕ್ಟರಲ್ಲದವರೂ ಇರ್ಬೇಕು. ನಿಮ್ಮ ಲೈನ್ ಮನೆಗಳಲ್ಲಿ ಯರವರೂ ಪಣಿಯರೂ ಇದ್ದಾರು, ಆದಿವಾಸಿಗಳ ವಿಷಯ ಅಂದ್ರೆ ಇನ್ನೂ ಕೂಲಂಕಷವಾಗಿ ನೋಡ್ತಾರೆ. ಈ ಕುಯ್ಲು ಕೈ ತಪ್ಪಿದ್ರೂ ತಪ್ಪೀತು. ಗೈಡು ಪತ್ರಕ್ಕೆ ಸೈನ್ ಹಾಕಲ್ಲ ಅಂತ ಹಠ ಹಿಡಿದ್ರೆ ನೀವೇ ಮೆಂಬರ್ ಸೆಕ್ರೆಟರಿ ಹತ್ರ ಹೋಗಿ ಮಾತಾಡಿ.