ತೆರಿಗೆ ಮಾತಿಗೆ ಜೂನ್‌ನಲ್ಲಿ ಬನ್ನಿ, ಮಾರ್ಚ್‌ನಲ್ಲಿ ಅಲ್ಲ
ಓದುಗರ ಪ್ರಶ್ನೆಗೆ ಚಾರ್ಟರ್ಡ್ ಅಕೌಂಟೆಂಟ್ ಉತ್ತರ

ಮಂಗಳೂರು, ಉಡುಪಿ ಕಡೆಯ ವ್ಯಾಪಾರಸ್ಥರು ಕಳಿಸುವ ಪ್ರಶ್ನೆಗಳಲ್ಲಿ ಮುಕ್ಕಾಲು ಪಾಲು ಒಂದೇ: "ವರ್ಷ ಮುಗೀತಾ ಬಂತು, ಏನಾದ್ರೂ ಮಾಡಿ ಟ್ಯಾಕ್ಸ್ ಕಮ್ಮಿ ಮಾಡಿ ಸಾರ್." ಮುಂಗಡ ತೆರಿಗೆ ಅಂದರೆ ವರ್ಷದ ತೆರಿಗೆಯನ್ನು ವರ್ಷ ಮುಗಿಯುವ ಮೊದಲೇ ಕಂತಿನಲ್ಲಿ ಕಟ್ಟುವುದು, ವ್ಯಾಪಾರ ಮಾಡುವವರಿಗೆ ಅದು ಗೊತ್ತಿರಲೇಬೇಕು. ಸೆಕ್ಷನ್ ನಂಬರೂ ಕೇಳಬೇಡಿ. 2026ರ ಏಪ್ರಿಲ್ 1ರಿಂದ ಹೊಸ ಆದಾಯ ತೆರಿಗೆ ಕಾಯ್ದೆ ಬಂದು ನಂಬರುಗಳೆಲ್ಲ ಬದಲಾಗಿವೆ.

ಪ್ರಶ್ನೆ: ಮಲ್ಪೆಯಲ್ಲಿ ನಮ್ಮದು ಐಸ್ ಪ್ಲಾಂಟ್. ಲಾಭ ಚೆನ್ನಾಗಿತ್ತು. ತೆರಿಗೆ ಕಮ್ಮಿಯಾಗಲಿ ಅಂತ ಫೆಬ್ರವರಿಯಲ್ಲಿ ಸಾಲ ಮಾಡಿ 20 ಲಕ್ಷದ ಕಂಪ್ರೆಸರ್ ತೆಗೆದುಕೊಂಡೆ. ಸೀಸನ್ ಮಧ್ಯೆ ಪ್ಲಾಂಟ್ ನಿಲ್ಲಿಸಲು ಆಗದ ಕಾರಣ ಮಳೆಗಾಲದಲ್ಲಿ ಕೂರಿಸುತ್ತೇವೆ. ಬಿಲ್ ಇದೆ, ಡಿಪ್ರಿಸಿಯೇಶನ್ (ಯಂತ್ರದ ಸವೆತ ಅಂತ ಲಾಭದಲ್ಲಿ ಕಳೆಯುವ ಮೊತ್ತ) ಪೂರ್ತಿ ಸಿಗುತ್ತದಲ್ವಾ? ಮುಂಗಡ ತೆರಿಗೆ ಕಟ್ಟಿಲ್ಲ. ಜೂನ್‌ನಲ್ಲಿ ಬೋಟೇ ಇಳಿಯುವುದಿಲ್ಲ, ಎಲ್ಲಿಂದ ಕಟ್ಟುವುದು?

ಪೂರ್ತಿ ಬಿಡಿ, ಆ ವರ್ಷಕ್ಕೆ ಅರ್ಧವೂ ಇಲ್ಲ. ಯಂತ್ರ ಖರೀದಿಸಿದರೆ ಸಾಲದು, ಮಾರ್ಚ್ 31ರೊಳಗೆ ಅದು ನಿಮ್ಮ ಕೆಲಸಕ್ಕೆ ಓಡಿರಬೇಕು. ಟಾರ್ಪಾಲು ಹೊದ್ದು ಮೂಲೆಯಲ್ಲಿ ಕೂತಿರುವ ಕಂಪ್ರೆಸರ್‌ಗೆ ಡಿಪ್ರಿಸಿಯೇಶನ್ ಸೊನ್ನೆ. "ಬಿಲ್ ಮಾರ್ಚ್ ಒಳಗಿದ್ದರೆ ಆಯ್ತು" ಅಂತ ನಿಮಗೆ ಹೇಳಿದ್ದು ಯಾರು? ಯಂತ್ರ ಮಾರಿದವರೇ ಇರಬೇಕು. ಅವರಿಗೂ ಮಾರ್ಚ್ ಟಾರ್ಗೆಟ್ ಇರುತ್ತದೆ ಮಾರಾಯ್ರೆ.

ಈಗ ಲೆಕ್ಕ ನೋಡಿ. ಇಂಥ ಯಂತ್ರಕ್ಕೆ ವರ್ಷಕ್ಕೆ 15%, ಅಂದರೆ 20 ಲಕ್ಷಕ್ಕೆ 3 ಲಕ್ಷ. ಆ ವರ್ಷದಲ್ಲಿ 180 ದಿನಕ್ಕಿಂತ ಕಮ್ಮಿ ಬಳಸಿದ್ದರೆ ಒಂದೂವರೆ ಲಕ್ಷ ಮಾತ್ರ. ಅಕ್ಟೋಬರ್ ಮೊದಲ ವಾರ ದಾಟಿ ಚಾಲೂ ಮಾಡಿದ ಯಾವ ಯಂತ್ರಕ್ಕಾದರೂ ಇದೇ ಗತಿ. ಸಾಲದ ಬಡ್ಡಿಯೂ ಅಷ್ಟೇ. ಯಂತ್ರ ಓಡುವ ದಿನದವರೆಗಿನ ಬಡ್ಡಿಯನ್ನು ಖರ್ಚಿಗೆ ಹಾಕುವಂತಿಲ್ಲ, ಯಂತ್ರದ ಬೆಲೆಗೇ ಸೇರಿಸಬೇಕು. ತೆರಿಗೆ ಉಳಿಸಲು ಹೋಗಿ ನಾಲ್ಕು ತಿಂಗಳು ಬ್ಯಾಂಕಿಗೆ ಸುಮ್ನೆ ಬಡ್ಡಿ ಕಟ್ಟಿದಂತಾಯಿತು.

ನಿಮ್ಮ ಕಸುಬಿನಲ್ಲಿ ಸರಿಯಾದ ಸಮಯ ತಾನಾಗಿಯೇ ಬರುತ್ತದೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳಿಗೆ ರಜೆ. ಬ್ರೈನ್ ಟ್ಯಾಂಕ್ (ಉಪ್ಪುನೀರಿನ ತೊಟ್ಟಿ) ಖಾಲಿ ಮಾಡಿ, ತುಕ್ಕು ಹಿಡಿದ ಐಸ್ ಕ್ಯಾನ್ ಬದಲಿಸಿ, ಅಮೋನಿಯಾ ಲೈನ್ ನೋಡಿಸುವುದೆಲ್ಲ ಆಗಲೇ ಅಲ್ವಾ? ಕಂಪ್ರೆಸರ್ ಆಗ ತಂದು ಕೂರಿಸಿದ್ದರೆ ಆಗಸ್ಟ್‌ನ ಮೊದಲ ಬೋಟಿಗೇ ಅದರ ಐಸ್ ಹೋಗುತ್ತಿತ್ತು, 3 ಲಕ್ಷವೂ ಪೂರ್ತಿ ಸಿಗುತ್ತಿತ್ತು. ಈಗ ಅದು ಮುಂದಿನ ವರ್ಷದ ಲೆಕ್ಕಕ್ಕೆ ಹೋಯಿತು. ಅದನ್ನು ನಾನು ಹಿಂದಕ್ಕೆ ತರಲಾರೆ. "ಹಳೇ ಡೇಟ್ ಹಾಕಿ ಇನ್‌ಸ್ಟಲೇಶನ್ ರಿಪೋರ್ಟ್ ಮಾಡಿಸಲಾ?" ಅಂತ ಪತ್ರದ ಕೊನೆಗೆ ಸಣ್ಣಕ್ಷರದಲ್ಲಿ ಕೇಳಿದ್ದೀರಿ. ಆ ಸಾಲು ನಾನು ಓದಿಲ್ಲ ಅಂದುಕೊಳ್ಳಿ.

ಇನ್ನು ಮುಂಗಡ ತೆರಿಗೆ. ಜೂನ್ 15ಕ್ಕೆ 15%, ಸೆಪ್ಟೆಂಬರ್ 15ಕ್ಕೆ ಅದೂ ಸೇರಿ 45%, ಡಿಸೆಂಬರ್ 15ಕ್ಕೆ ಒಟ್ಟು 75%, ಮಾರ್ಚ್ 15ಕ್ಕೆ ಪೂರ್ತಿ. ಇದು ಆ ತಿಂಗಳ ಗಲ್ಲಾಪೆಟ್ಟಿಗೆಯ ಲೆಕ್ಕ ಅಲ್ಲ, ಇಡೀ ವರ್ಷದ ಅಂದಾಜು. ನಿಮ್ಮ ತೆರಿಗೆ 4 ಲಕ್ಷ ಅಂತಿಟ್ಟುಕೊಳ್ಳಿ. ಮೊದಲ ಮೂರು ಕಂತು ತಪ್ಪಿಸಿದ್ದಕ್ಕೆ 1,800, 5,400, 9,000 ರೂಪಾಯಿ ಬಡ್ಡಿ. ಕೊನೆಯ ಕಂತಿಗೆ 4,000. ಜುಲೈವರೆಗೂ ಕಟ್ಟದಿದ್ದರೆ ತಿಂಗಳಿಗೆ 1% ಲೆಕ್ಕದಲ್ಲಿ ಇನ್ನೂ 16,000. ಒಟ್ಟು 36,200. ಈ ಬಡ್ಡಿಯನ್ನು ಖರ್ಚು ಅಂತ ತೋರಿಸಲೂ ಆಗುವುದಿಲ್ಲ. ಅಂದಾಜು ಸ್ವಲ್ಪ ಆಚೀಚೆ ಆದರೆ ಕಾನೂನೇ ಬಿಟ್ಟುಕೊಡುತ್ತದೆ: ಜೂನ್‌ಗೆ 12%, ಸೆಪ್ಟೆಂಬರ್‌ಗೆ 36% ಕಟ್ಟಿದ್ದರೂ ಆ ಕಂತುಗಳಿಗೆ ಬಡ್ಡಿ ಇಲ್ಲ. ಮೇ ತಿಂಗಳ ವಸೂಲಿಯಲ್ಲಿ ಆ 12%, ಅಂದರೆ 4 ಲಕ್ಷಕ್ಕೆ 48,000 ಎತ್ತಿಡಿ.

ನೀವು ಕೇಳದಿದ್ದರೂ ಇನ್ನೊಂದು ಹೇಳುತ್ತೇನೆ, ಯಾಕೆಂದರೆ ಇದರಲ್ಲಿ ಸಿಕ್ಕಿಬೀಳುವವರು ಜಾಸ್ತಿ. ಬೈಕಂಪಾಡಿಯ ಸಣ್ಣ ವರ್ಕ್‌ಶಾಪ್‌ನಲ್ಲಿ ರಿಪೇರಿ ಮಾಡಿಸಿ, "ಬೋಟಿನವರು ಕೊಟ್ಟ ಮೇಲೆ ಕೊಡ್ತೇನೆ" ಅಂತ ಬಾಕಿ ಇಡುತ್ತೀರಲ್ಲ? ಆ ವರ್ಕ್‌ಶಾಪ್ ಉದ್ಯಮ್ ನೋಂದಣಿ (ಸಣ್ಣ ಉದ್ದಿಮೆಗಳ ಸರ್ಕಾರಿ ನೋಂದಣಿ) ಇರುವ ಅತಿ ಸಣ್ಣ ಅಥವಾ ಸಣ್ಣ ಘಟಕವಾಗಿದ್ದರೆ 15 ದಿನದೊಳಗೆ, ಲಿಖಿತ ಒಪ್ಪಂದ ಇದ್ದರೆ ಹೆಚ್ಚೆಂದರೆ 45 ದಿನದೊಳಗೆ ದುಡ್ಡು ಕೊಡಬೇಕು. ಡಿಸೆಂಬರ್ ಬಿಲ್ಲನ್ನು ಏಪ್ರಿಲ್‌ನಲ್ಲಿ ಕೊಟ್ಟರೆ ಖರ್ಚು ಈ ವರ್ಷ ಸಿಗುವುದಿಲ್ಲ, ಮುಂದಿನ ವರ್ಷಕ್ಕೆ ಹೋಗುತ್ತದೆ. ಕೈಯಲ್ಲಿಲ್ಲದ ಲಾಭಕ್ಕೆ ತೆರಿಗೆ.

ಪ್ರಶ್ನೆ: ಒಬ್ಬ ಏಜೆಂಟ್ ಕಮಿಷನ್ ತೆಗೆದುಕೊಂಡು ಖರೀದಿ ಬಿಲ್ ಮಾಡಿಕೊಡುತ್ತಾರಂತೆ. ನಂಬಬಹುದೇ? (ಹೋಟೆಲ್ ಮಾಲೀಕರು, ಉಡುಪಿ)

ಸುಳ್ಳು ಬಿಲ್ ಪುಸ್ತಕಕ್ಕೆ ಏರಿಸಿದರೆ ಅದರ ಮೊತ್ತದಷ್ಟೇ ದಂಡ ಬೀಳಬಹುದು. ಆ ದಿನ ಏಜೆಂಟರ ಫೋನ್ ಸ್ವಿಚ್ ಆಫ್ ಇರುತ್ತದೆ, ನೋಟಿಸ್ ನಿಮ್ಮ ವಿಳಾಸಕ್ಕೆ ಬಂದಿರುತ್ತದೆ.

ಪ್ರಶ್ನೆ: ಯುಪಿಐ ನಿಲ್ಲಿಸಿ ಕ್ಯಾಶ್ ಮಾತ್ರ ತೆಗೆದುಕೊಂಡರೆ ತೆರಿಗೆ ಕಮ್ಮಿಯಾಗುತ್ತದಾ? (ಬೇಕರಿ, ಸುರತ್ಕಲ್)

ಉಲ್ಟಾ. ಪುಸ್ತಕ ಇಡದೆ ಅಂದಾಜು ಲಾಭದ ಮೇಲೆ ತೆರಿಗೆ ಕಟ್ಟುವ ಸಣ್ಣ ವ್ಯಾಪಾರಿಗಳಿಗೆ ಬ್ಯಾಂಕ್, ಯುಪಿಐ ಮೂಲಕ ಬಂದ ದುಡ್ಡಿಗೆ 6% ಲಾಭ ಅಂತ ಲೆಕ್ಕ, ಕ್ಯಾಶ್‌ಗೆ 8%.

ಪ್ರಶ್ನೆ: ಮಾರ್ಚ್ 30ಕ್ಕೆ ವಿಮಾ ಪಾಲಿಸಿ ಮಾಡಿಸಿದರೆ ತೆರಿಗೆ ಉಳಿಯುತ್ತದಾ?

ಹೊಸ ತೆರಿಗೆ ಪದ್ಧತಿಯಲ್ಲಿದ್ದರೆ ಇಲ್ಲ.

ಪ್ರಶ್ನೆ: ಅಂಗಡಿ ಲಾಭದಲ್ಲಿ ಸ್ವಲ್ಪ ಅಡಿಕೆ ತೋಟದ ಆದಾಯ ಅಂತ ತೋರಿಸಬಹುದೇ?

ನಿಮಗೆ ತೋಟ ಎಷ್ಟಿದೆ ಅಂತ ಆರ್‌ಟಿಸಿಯಲ್ಲಿ (ಪಹಣಿ) ಇದೆ. ಬೇಡ.

ಪ್ರಶ್ನೆ: ಈ ವರ್ಷ ನಷ್ಟ. ರಿಟರ್ನ್ ನಿಧಾನಕ್ಕೆ ಹಾಕಿದರೆ ಆಗುತ್ತದಲ್ವಾ?

ಆಗುವುದಿಲ್ಲ. ಗಡುವಿನೊಳಗೆ ಹಾಕಿದರೆ ಮಾತ್ರ ವ್ಯಾಪಾರದ ನಷ್ಟವನ್ನು ಮುಂದಿನ 8 ವರ್ಷಗಳ ಲಾಭದಲ್ಲಿ ಕಳೆಯಬಹುದು. ನಷ್ಟ ಆದವರೇ ಮೊದಲು ಬರಬೇಕು, ಆದರೆ ಅವರೇ ಕೊನೆಗೆ ಬರುತ್ತಾರೆ.