ಇನ್ನೊಂದು ರೂಮು ಎಲ್ಲಿಂದ ತರಲಿ?

ಮನೆ ನಕ್ಷೆಯ ಬಗ್ಗೆ ಓದುಗರ ಪ್ರಶ್ನೆಗಳಿಗೆ ಆರ್ಕಿಟೆಕ್ಟ್ ಉತ್ತರ

ಪ್ರಶ್ನೆ: ದಾವಣಗೆರೆಯಲ್ಲಿ 30×40 ಸೈಟು, ಪೂರ್ವಕ್ಕೆ ರಸ್ತೆ. ನಾವಿಬ್ಬರು, ಇಬ್ಬರು ಮಕ್ಕಳು, ಮಂಡಿನೋವಿರುವ ನಮ್ಮ ತಾಯಿ. ಕೆಳಗೇ ಮೂರು ಬೆಡ್‌ರೂಮು, ಮೂರಕ್ಕೂ ಅಟ್ಯಾಚ್ಡ್ ಬಾತ್‌ರೂಮು, ಕಾರ್ ಪಾರ್ಕಿಂಗ್, ಒಳಗಡೆಯೇ ಮೆಟ್ಟಿಲು ಬರುವಂತೆ ಪ್ಲಾನ್ ಮಾಡಿಸಿದ್ದೇವೆ. ಹಾಲ್ ಸ್ವಲ್ಪ ಚಿಕ್ಕದಾಯಿತೇನೋ ಅನ್ನಿಸುತ್ತಿದೆ. ದೊಡ್ಡದು ಮಾಡುವುದು ಹೇಗೆ?

ಉತ್ತರ: ಊರಿನ ಹೆಸರೊಂದು ಬದಲಾಗಿ ಇದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತಿದೆ. ಈ ಸಲ ಲೆಕ್ಕವನ್ನೇ ಮುಂದಿಡುತ್ತೇನೆ, ಕತ್ತರಿಸಿ ಇಟ್ಟುಕೊಳ್ಳಿ.

ಸೆಟ್‌ಬ್ಯಾಕ್, ಅಂದರೆ ಮನೆಯ ಸುತ್ತ ಖಾಲಿ ಬಿಡಬೇಕಾದ ಜಾಗ, ಎಷ್ಟೆಂದು ನಿಮ್ಮ ಪಾಲಿಕೆಯಲ್ಲೇ ಕೇಳಬೇಕು. ಸದ್ಯಕ್ಕೆ ಸುತ್ತ ಮೂರಡಿ ಅಂದುಕೊಳ್ಳೋಣ. ಮನೆಗೆ ಉಳಿದದ್ದು 24×34, ಅಂದರೆ 816 ಚದರಡಿ. ಕಾರಿಗೆ 135, ಮೆಟ್ಟಿಲಿಗೆ 85 ತೆಗೆಯಿರಿ. ಗೋಡೆಗಳೇ 110 ತಿನ್ನುತ್ತವೆ; ಇದನ್ನು ಯಾರೂ ಕಳೆಯುವುದಿಲ್ಲ. ಉಳಿದದ್ದು 486. 10×11ರ ಮೂರು ರೂಮಿಗೆ 330, 4×8ರ ಮೂರು ಬಾತ್‌ರೂಮಿಗೆ 96. ಕೈಯಲ್ಲಿ ಉಳಿಯುವುದು 60 ಚದರಡಿ. ಹಾಲು, ಊಟದ ಜಾಗ, ಅಡುಗೆಮನೆ, ದೇವರಮನೆ ಎಲ್ಲ ಇದರಲ್ಲೇ ಆಗಬೇಕು. ಎಂಟಡಿ ಚೌಕದ ಅಡುಗೆಮನೆಗೇ 64 ಬೇಕು!

ಹಾಗಾದರೆ ಕಾಗದದ ಮೇಲೆ ಎಲ್ಲ ಹೇಗೆ ಹಿಡಿಸಿತು ಅನ್ನುತ್ತೀರಿ. ನೀವು ಕಳಿಸಿದ ನಕ್ಷೆಯಲ್ಲಿ ಅಳತೆಗಳನ್ನು ಗೋಡೆಯ ನಡುವಿನಿಂದ ನಡುವಿಗೆ ಬರೆದಿದ್ದಾರೆ. ಒಂದು ಬದಿ ಒಂಬತ್ತು ಇಂಚಿನ ಹೊರಗೋಡೆ, ಇನ್ನೊಂದು ಬದಿ ನಾಲ್ಕೂವರೆ ಇಂಚಿನ ಒಳಗೋಡೆ, ಮೇಲೆ ಪ್ಲಾಸ್ಟರು. ಹತ್ತಡಿ ಅಂದದ್ದು 9 ಅಡಿ 4 ಇಂಚಿಗೆ ಇಳಿಯುತ್ತದೆ. ಅದರಲ್ಲಿ ಎರಡಡಿ ವಾರ್ಡ್‌ರೋಬು, ಆರಡಿ ಮಂಚ. ಓಡಾಡಲು ಉಳಿದದ್ದು 1 ಅಡಿ 4 ಇಂಚು. ವಾರ್ಡ್‌ರೋಬಿನ ಬಾಗಿಲು ತೆಗೆಯುವ ಮಾತು ಹಾಗಿರಲಿ, ಅಲ್ಲಿ ಹಾಸಿಗೆಯ ಚಾದರ ಬದಲಿಸಲೂ ಆಗುವುದಿಲ್ಲ.

ಮೆಟ್ಟಿಲಿನದು ಇನ್ನೂ ಚಂದ. ಹತ್ತಡಿ ಎತ್ತರ, ಐದಿಂಚು ಸ್ಲ್ಯಾಬು, ಒಟ್ಟು 125 ಇಂಚು. ನಿಮ್ಮ ನಕ್ಷೆಯಲ್ಲಿ ಸ್ಲ್ಯಾಬಿಗೆ ಕಾಲಿಡುವುದೂ ಸೇರಿ 13 ಏರು ಎಣಿಸಿದೆ. ಒಂದೊಂದೂ ಒಂಬತ್ತೂವರೆ ಇಂಚಿಗೂ ಮೇಲಾಯಿತು. ಏಳಿಂಚು ದಾಟಬಾರದೆಂದರೆ 18 ಬೇಕು. ಜಾಗ ಸಾಲದ್ದಕ್ಕೆ ಐದು ಮೆಟ್ಟಿಲು ನುಂಗಿದ್ದಾರೆ, ಅಷ್ಟೆ.

ಈಗ ಮಾಡಬೇಕಾದದ್ದು ಕೇಳಿ. ಕೆಳಗೆ ತಾಯಿಯ ರೂಮೊಂದೇ ಇರಲಿ. ಉಳಿದೆರಡು ಮೇಲಕ್ಕೆ ಹೋಗಲಿ. ಮಹಡಿಯ ದುಡ್ಡು ಈಗಿಲ್ಲವೇ? ಮೇಲೊಂದು ರೂಮಷ್ಟೇ ಕಟ್ಟಿ, ಇನ್ನೊಂದು ಆಮೇಲೆ. ಕೆಳಗೆ ಒಂದು ರೂಮು, 40 ಚದರಡಿಯ ಒಂದೇ ಬಾತ್‌ರೂಮು ಇಟ್ಟರೆ 336 ಉಳಿಯುತ್ತದೆ. ಅಡುಗೆಮನೆಗೆ 8×10 ಕೊಟ್ಟ ಮೇಲೂ 256.

ಆ ಬಾತ್‌ರೂಮು ಅಟ್ಯಾಚ್ಡ್ ಬೇಡ. ತಾಯಿಯ ಬಾಗಿಲ ಪಕ್ಕದಲ್ಲೇ, ರೂಮಿನ ಹೊರಗಿನಿಂದ ಬಾಗಿಲಿರಲಿ. ಬಂದ ನೆಂಟರು ಮಲಗಿದವರನ್ನು ದಾಟಿ ಹೋಗುವುದು ಬೇಡ. ಎರಡು ಕಡೆ ಬಾಗಿಲಿಡುವ ಜಾಣತನವೂ ಬೇಡ, ಯಾರೋ ಒಂದು ಕಡೆಯ ಚಿಲಕ ತೆಗೆಯದೆ ಹೋಗಿರುತ್ತಾರೆ. ಬಾಗಿಲು ಹೊರಗೆ ತೆರೆಯಬೇಕು. ವಯಸ್ಸಾದವರು ಒಳಗೆ ಜಾರಿಬಿದ್ದು ಬಾಗಿಲಿಗೆ ಅಡ್ಡವಾದರೆ, ಒಳಗೆ ತೆರೆಯುವ ಬಾಗಿಲನ್ನು ಹೊರಗಿನವರು ತಳ್ಳಲಾಗುವುದಿಲ್ಲ. ಈ ವಿಷಯದಲ್ಲಿ ನಾನು ಯಾರ ಮಾತನ್ನೂ ಕೇಳುವುದಿಲ್ಲ.

ಕೊನೆಗೆ ಹಾಲು. ನಿಮ್ಮ ಹಾಲಿಗೆ ಏಳು ಬಾಗಿಲು ಬಿದ್ದಿವೆ, ಸೋಫಾ ಒರಗಿಸಲು ಒಂದೂ ಪೂರ್ತಿ ಗೋಡೆಯಿಲ್ಲ. ಮೂರಡಿ ಅಗಲದ ಚಿಕ್ಕ ಪ್ಯಾಸೇಜು ಮಾಡಿ ರೂಮು, ಬಾತ್‌ರೂಮಿನ ಬಾಗಿಲುಗಳನ್ನು ಅತ್ತ ತಿರುಗಿಸಿ. ಬಾಗಿಲು ಗೋಡೆಯ ನಡುವೆ ಬೇಡ, ಮೂಲೆಗಿರಲಿ. ಈಗಿರುವ ಮನೆಯ ಮಂಚ, ಬೀರು, ಫ್ರಿಜ್ಜು, ಊಟದ ಟೇಬಲ್ಲು ಎಲ್ಲವನ್ನೂ ಟೇಪು ಹಿಡಿದು ಅಳೆದು, ಅದೇ ಸ್ಕೇಲಿನಲ್ಲಿ ಕಾಗದ ಕತ್ತರಿಸಿ ನಕ್ಷೆಯ ಮೇಲೆ ಇಟ್ಟು ನೋಡಿ. ಆಮೇಲೆ ಗೋಡೆ ಮಾತಾಡೋಣ.

ಪ್ರಶ್ನೆ: ವಾಸ್ತುವಿನವರು ಆಯ (ಅಳತೆಯ ಶುಭಾಶುಭ ಲೆಕ್ಕ) ಕೂಡಿ ಬರುತ್ತಿಲ್ಲ, ರೂಮನ್ನು ಐದಿಂಚು ಕಡಿಮೆ ಮಾಡಿ ಎನ್ನುತ್ತಾರೆ. ಮಾಡಬಹುದೇ?

ಉತ್ತರ: ಅಡುಗೆಮನೆ ಆಗ್ನೇಯಕ್ಕೆ ಬರಲಿ, ಧ್ವಜಾಯವೋ ಗಜಾಯವೋ ಕೂಡಿ ಬರಲಿ, ನನ್ನ ತಕರಾರಿಲ್ಲ. ಪಾಯ ತೋಡುವ ಮೊದಲು ಹೇಳಿ. ಕಾಲಂ ಎದ್ದ ಮೇಲೆ ದಕ್ಷಿಣೆ ತೆಗೆದುಕೊಂಡು ಬಾಗಿಲು ಸರಿಸಿ, ಗೋಡೆ ಒಡೆಯಿರಿ ಎನ್ನುವವರು ಒಡೆದ ಖರ್ಚು ಕೊಡುತ್ತಾರೆಯೇ ಕೇಳಿ ನೋಡಿ. ಐದಿಂಚು ಹೋದರೆ ಮೇಲೆ ಹೇಳಿದ 1 ಅಡಿ 4 ಇಂಚಿನಲ್ಲಿ ಎಷ್ಟು ಉಳಿಯುತ್ತದೆಂದು ನೀವೇ ಲೆಕ್ಕ ಹಾಕಿ.

ಪ್ರಶ್ನೆ: ಮೆಟ್ಟಿಲಿನ ಲ್ಯಾಂಡಿಂಗ್ ಕೆಳಗೆ ಬಾತ್‌ರೂಮು ಮಾಡಬಹುದೇ?

ಉತ್ತರ: ಅರ್ಧಕ್ಕೆ ಬರುವ ಲ್ಯಾಂಡಿಂಗ್ ನೆಲದಿಂದ ಐದಡಿ ಚಿಲ್ಲರೆ. ಇನ್ವರ್ಟರ್ ಇಡಿ.

ಪ್ರಶ್ನೆ: ಹಾಲಿಗೆ ಡಬಲ್ ಹೈಟ್, ಅಂದರೆ ಎರಡು ಅಂತಸ್ತಿನ ಎತ್ತರ ಕೊಡಿಸೋಣವೇ?

ಉತ್ತರ: ಜೇಡರಬಲೆ ತೆಗೆಯುವವರು ಯಾರೆಂದು ಮೊದಲು ಮನೆಯಲ್ಲಿ ತೀರ್ಮಾನವಾಗಲಿ. ಮೇಲೆ ಒಂದು ರೂಮೂ ಹೋಗುತ್ತದೆ.

ಪ್ರಶ್ನೆ: ಹಳೆಯ ಮನೆಯ ಒಳಗೋಡೆ ಒಡೆದು ಹಾಲ್ ದೊಡ್ಡದು ಮಾಡಬೇಕು. ಫೋಟೊ ಕಳಿಸಿದ್ದೇನೆ, ಒಡೆಯಬಹುದೇ? ಮೇಸ್ತ್ರಿ ಏನೂ ಆಗಲ್ಲ ಅಂತಾರೆ.

ಉತ್ತರ: ಫೋಟೊ ನೋಡಿ ಗೋಡೆ ಒಡೆಯಲು ಹೇಳುವವನು ನಾನಲ್ಲ. ಕಾಲಂ ಇಲ್ಲದ ಮನೆಯಾಗಿದ್ದರೆ ಆ ಗೋಡೆಯ ಮೇಲೆಯೇ ಸ್ಲ್ಯಾಬ್ ಕೂತಿರಬಹುದು. ಸ್ಟ್ರಕ್ಚರಲ್ ಎಂಜಿನಿಯರನ್ನು ಮನೆಗೆ ಕರೆಸಿ. ಅಲ್ಲಿಯವರೆಗೆ ಮೇಸ್ತ್ರಿಯ ಕೈಗೆ ಸುತ್ತಿಗೆ ಕೊಡಬೇಡಿ.